ಎರಡು ಅಂತರಪಟ, ಮೂರು ಬಲ್ಬು

ಅಜ್ಜನಾದವನ ಬಾಯಿ ಹೊಲಿಯುವಂಥ ಸೂಜಿಯನ್ನು ಇನ್ನೂ ಯಾವ ದೇಶದವರೂ ಮಾಡಿಲ್ಲ. ನಲವತ್ತು ವರ್ಷ ಭಾಲ್ಕಿಯ ಬಜಾರಿನಲ್ಲಿ ಹೊಲಿಗೆ ಯಂತ್ರ ತುಳಿದವನು ನಾನು. ಸೂಜಿಯ ವಿಷಯದಲ್ಲಾದರೂ ನನ್ನ ಮಾತು ನಂಬಬಹುದು. ಮೊಮ್ಮಗಳು ಹುಟ್ಟುವ ಮೊದಲು ನಾನು ಬಹಳ ಕಡಿಮೆ ಮಾತಿನವನೆಂದು ಹೆಸರಾಗಿದ್ದೆ. ಸದಾ ನಾಲ್ಕು ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡಿರುವ ದರ್ಜಿ ಮತ್ತೇನು ಮಾತಾಡಬಲ್ಲ? ಈಗ ಹಾಗಿಲ್ಲ. ಅಂಗಿಯ ಅಳತೆ ಕೊಡಲು ಬಂದವರು ಕೈ ಅಗಲಿಸಿ ನಿಂತರೆ, ಟೇಪನ್ನು ಅವರ ಎದೆಗೆ ಸುತ್ತಿ ಹಿಡಿದುಕೊಂಡು, ಕೂಸು ನಿನ್ನೆ ಹೇಗೆ ಆಕಳಿಸಿತು, ಆಕಳಿಸಿ ಹೇಗೆ ತಾನೇ ಬೆಚ್ಚಿಬಿದ್ದಿತು ಎಂದು ಹೇಳತೊಡಗುತ್ತೇನೆ. ಹೇಳಿ ಮುಗಿಸುವಷ್ಟರಲ್ಲಿ ಅಳತೆ ಮರೆತಿರುತ್ತದೆ. ಮತ್ತೆ ಮೊದಲಿನಿಂದ ಟೇಪು, ಮತ್ತೆ ಮೊದಲಿನಿಂದ ಆಕಳಿಕೆ. ಮೊನ್ನೆ ಒಬ್ಬ ಗಿರಾಕಿ ಕೇಳಿಯೇಬಿಟ್ಟ: "ಮಾಣಿಕಪ್ಪಣ್ಣ, ಕೂಸಿಂದು ಸುದ್ದಿ ಮುಗದದೇನ್ರಿ? ಕೈ ಇಳಸ್ಲಾ?"

ನನ್ನ ಓದು ಎಷ್ಟೆಂಬುದನ್ನೂ ಹೇಳಿಬಿಡುತ್ತೇನೆ. ನಿಜಾಮರ ಕಾಲದ ಸಾಲಿಯಲ್ಲಿ ಉರ್ದು ಎರಡನೆಯ ತರಗತಿ. ಕನ್ನಡದ ಅಕ್ಷರಗಳನ್ನು ಕಲಿತದ್ದು ನಿಜಾಮರ ರಾಜ್ಯ ಮುಗಿಸಿದ ಪೊಲೀಸ್ ಆಕ್ಷನ್ ಆದ ಮೇಲೆ, ಮೀಸೆ ಬೆಳ್ಳಗಾದ ಮೇಲೆ, ಮಗ ತಂದುಕೊಟ್ಟ ಬಾಲಬೋಧೆಯಿಂದ. ಈಗಲೂ ಹಾಳೆ ಮುಂದಿಟ್ಟರೆ ಕೈ ಮೊದಲು ಬಲಗಡೆಗೆ ಹೋಗಿ, ನಾಚಿ, ಎಡಗಡೆಗೆ ಬರುತ್ತದೆ. ಇಂಥವನು ಕ್ಯಾಮೆರಾದ ಒಳಗಿನ ಪರದೆ ಎಷ್ಟು ಬೇಗ ಓಡಬೇಕು, ಅದು ಓಡುವಾಗ ಬಲ್ಬು ಯಾವ ಗಳಿಗೆಗೆ ಹೊತ್ತಬೇಕು ಎಂಬುದರ ಮೇಲೆ ಬರೆಯಲು ಕೂತಿದ್ದಾನೆಂದರೆ ನೀವು ನಗುತ್ತೀರಿ. ನಗಿರಿ. ನಗುವುದರಿಂದ ನನಗೆ ಎಷ್ಟು ಲಾಭವಾಯಿತೆಂಬುದೇ ಈ ಕಥೆ.

ನನ್ನ ಅವ್ವನ ಮುಖ ನಾನು ನೋಡಿಲ್ಲ. ನಾನು ಎಂಟು ತಿಂಗಳ ಕೂಸಿದ್ದಾಗ ಆಕೆ ಹೋದಳು. ನನ್ನನ್ನು ಎತ್ತಿ ಬೆಳೆಸಿದವಳು ಗುರಮ್ಮಕ್ಕ. ಆಗ ಅವಳಿಗೂ ಒಂಬತ್ತೋ ಹತ್ತೋ ವರ್ಷ. ಅವಳನ್ನು ಔರಾದಿಗೆ ಕೊಟ್ಟಿದ್ದಾರೆ. ಈಗ ಎಪ್ಪತ್ತು ದಾಟಿದ್ದಾಳೆ. ಕಳೆದ ವರ್ಷ ಕಟ್ಟೆ ಇಳಿಯುವಾಗ ಬಿದ್ದು ತೊಡೆ ಮುರಿದುಕೊಂಡ ಮೇಲೆ ಬಾಗಿಲು ದಾಟುವುದಾಗಿಲ್ಲ. ಅವ್ವನ ಮುಖ ಬಲ್ಲವರು ಭೂಮಿಯ ಮೇಲೆ ಈಗ ಅವಳೊಬ್ಬಳೇ. ನಮ್ಮಲ್ಲಿ ಹೆಣ್ಣುಕೂಸು ಹುಟ್ಟಿತೆಂದು ಮಗ ಹೋಗಿ ಹೇಳಿದಾಗ ಅಕ್ಕ ಸಕ್ಕರೆ ಹಂಚಿದಳಂತೆ, ಕಣ್ಣೀರು ಒರೆಸಿಕೊಂಡಳಂತೆ, ಆಮೇಲೆ ಒಂದು ಷರತ್ತು ಹೇಳಿ ಕಳಿಸಿದಳು: "ಕೂಸಿನ ಮಾರಿ ನಮ್ಮ ಅವ್ವನಂಗ ಅದನೋ ಇಲ್ಲೋ ನಾ ನೋಡಿ ಹೇಳ್ತೇನಿ. ಇದ್ದರ ತುಳಜಾಬಾಯಿ ಅಂತ ಅವ್ವನ ಹೆಸರ ಇಡ್ರಿ. ಇಲ್ಲಂದರ ಇಡಬ್ಯಾಡ್ರಿ. ಮಾರಿ ಬರಲಾರದ ಹೆಸರ ಇಟ್ಟರ, ಆ ಹೆಸರು ಮನಿ ಹುಡುಕ್ಕೋತ ತಿರಗತದ."

ಇಲ್ಲಿ ನನ್ನ ಹೆಂಡತಿ ಕಾಶಿಬಾಯಿಯ ಪರಿಚಯ ಮಾಡಿಕೊಡಬೇಕು. ಅವಳು ಅಕ್ಕನ ಷರತ್ತನ್ನು ಕೇಳಿ ಬಹಳ ಸಂತೋಷಪಟ್ಟಳು. ಯಾಕೆಂದರೆ ಅವಳ ಸೆರಗಿನ ಗಂಟಿನಲ್ಲಿ ಇನ್ನೊಂದು ಹೆಸರು ತಯಾರಿತ್ತು: ಅವಳ ಅವ್ವನದು, ರುಕ್ಮಾಬಾಯಿ. "ನಿಮ್ಮ ಅಕ್ಕಾರು ಹೇಳಿದ್ದು ಬರೋಬರ್ ಅದರಿ," ಎಂದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಗುರಮ್ಮಕ್ಕ ಹೇಳಿದ್ದು ಬರೋಬರ್ ಎಂದು ಅವಳ ಬಾಯಿಂದ ಕೇಳಿದ್ದು ನಾನು ಅದೇ ಮೊದಲ ಸಲ. ಸೊಸೆಗೆ ತವರಿನಲ್ಲಿ ತಾಯಿ ಇಲ್ಲ, ಹಡೆದದ್ದು ನಮ್ಮಲ್ಲೇ. ಹೀಗಾಗಿ ಆ ಕಡೆಯಿಂದ ಇನ್ನೊಂದು ಹೆಸರು ಮುಂದೆ ಮಾಡುವವರು ಇರಲಿಲ್ಲ. ಹಸಿ ಕೂಸನ್ನು ಔರಾದಿನ ರಸ್ತೆಯಲ್ಲಿ ಮೋಟಾರಿನಲ್ಲಿ ಕುಣಿಸಿಕೊಂಡು ಹೋಗುವಂತಿಲ್ಲ. ಅಕ್ಕ ಬರುವಂತಿಲ್ಲ. ಉಳಿದದ್ದು ಒಂದೇ ದಾರಿ, ಫೋಟೊ.

ಫೋಟೊ ಎಂದರೆ ಬೀದರಿನ ಮಹಬೂಬ ಸಾಬರು. ಅವರ ಹಳೆಯ ಮೂರು ಕಾಲಿನ ಕ್ಯಾಮೆರಾಕ್ಕೆ ಕರಿ ಬಟ್ಟೆಯ ಮುಸುಕು ಹೊಲಿದುಕೊಟ್ಟವನು ನಾನೇ. ಪೊಲೀಸ್ ಆಕ್ಷನ್ನಿನ ಹಿಂದುಮುಂದಿನ ಗಡಿಬಿಡಿಯ ದಿನಗಳಲ್ಲಿ ಒಮ್ಮೆ ನಾವು ಅವರ ಮನೆಯ ಹಿಂದಿನ ಕೋಣೆಯಲ್ಲಿ ಅಡಗಿದ್ದೆವು, ಮರುವರ್ಷ ಅವರು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಯಾರು ಯಾರಿಗೆ ಉಪಕಾರ ಮಾಡಿದರೆಂದು ಇಬ್ಬರೂ ಇವತ್ತಿನವರೆಗೆ ಮಾತೆತ್ತಿಲ್ಲ. ಅವರು ಈಚೆಗೆ ಸಿಕಂದರಾಬಾದಿನ ಹಳೆ ಸಾಮಾನಿನ ಅಂಗಡಿಯಿಂದ ಅಂಗೈಯಗಲದ ಒಂದು ಜರ್ಮನಿ ಕ್ಯಾಮೆರಾ ತಂದಿದ್ದರು. ಅದರ ಜೊತೆಗೆ ಬಟ್ಟಲಿನಂಥ ತಗಡು, ವೈರು, ಲಿಂಬೆಹಣ್ಣಿನಷ್ಟು ದೊಡ್ಡ ಮೂರು ಬಲ್ಬು. ಒಂದು ಬಲ್ಬು ಒಂದೇ ಸಲ. ಭಕ್ ಎಂದು ಉರಿದರೆ ಮುಗಿಯಿತು, ಮುಂದೆ ಅದು ಗಾಜಿನ ಗೋಲಿ. ಬಾಣಂತಿಯ ಕೋಣೆಯಲ್ಲಿ ಮಾಳಿಗೆಯ ಬೆಳಕಿಂಡಿ ಬಿಟ್ಟರೆ ಬೇರೆ ಬೆಳಕಿಲ್ಲ. ಹೆಸರಿಡದ ಕೂಸನ್ನು ಅಂಗಳಕ್ಕೆ ತರಲು ಕಾಶಿಬಾಯಿ ಬಿಡುವುದಿಲ್ಲ. "ಫಿಕರ್ ಮಾಡಬ್ಯಾಡ್ರಿ ಮಾಣಿಕಪ್ಪ, ಒಳಗ ಸೂರ್ಯನ್ನ ತೊಗೊಂಡು ಬರ್ತೇನಿ," ಎಂದರು ಮಹಬೂಬ ಸಾಬರು.

ತೊಂದರೆ ಬೇರೆ ಇತ್ತು. ಕೂಸು ನನ್ನ ಮೀಸೆ ಕಂಡರೆ ಕಿರುಚುತ್ತಿತ್ತು. ಅಪ್ಪ ಹೋದ ಮೇಲೆ, ಹದಿನೆಂಟು ವರ್ಷಕ್ಕೆ ಬಿಟ್ಟ ಮೀಸೆ. ತುಟಿಯನ್ನು ಛಪ್ಪರದಂತೆ ಮುಚ್ಚಿತ್ತು. ಫೋಟೊದ ದಿನ ಬೆಳಿಗ್ಗೆ ಕ್ಷೌರಿಕನ ಮುಂದೆ ಕೂತು ತೆಗೆಸಿಯೇಬಿಟ್ಟೆ. ಕಾಶಿಬಾಯಿ ಹಣೆ ಬಡಿದುಕೊಂಡಳು. ನಮ್ಮ ಕಡೆ ತಾಯಿತಂದೆ ಸತ್ತಾಗ ಮಾತ್ರ ಗಂಡಸು ಮೀಸೆ ತೆಗೆಸುವುದು. ಅಂಗಡಿಗೆ ಹೋಗುವಷ್ಟರಲ್ಲಿ ಮೂವರು ತಡೆದು, ದನಿ ಇಳಿಸಿ ಕೇಳಿದರು: "ಯಾರು ಹೋದರ್ರಿ?" ನಾನು ಎದೆಯುಬ್ಬಿಸಿ ಹೇಳಿದೆ: "ಯಾರೂ ಹೋಗಿಲ್ಲರಿ. ಬಂದಾಳ!"

ಮೊದಲನೆಯ ಬಲ್ಬಿನ ದಿನ ನಾನು ಕೂಸನ್ನು ಎಡತೋಳಿನಲ್ಲಿ ಹಿಡಿದು ಚಾಪೆಯ ಮೇಲೆ ಕೂತೆ. ಕೂಸು ಕಾಲು ಝಾಡಿಸುತ್ತಿತ್ತು. ಎಲ್ಲ ತಿಳಿದವನಂತೆ ನಾನೇ ಹೇಳಿದೆ: "ಸಾಬರ, ಜೋರ ಇಡ್ರಿ. ಇಲ್ಲಂದರ ಕಾಲು ನಾಕು ಕಾಣಸ್ತಾವ." ಮಹಬೂಬ ಸಾಬರು ಕ್ಯಾಮೆರಾದ ಮೇಲಿನ ಗುಂಡಿ ತಿರುಗಿಸಿ ಸೆಕೆಂಡಿನ ಐನೂರನೆಯ ಪಾಲಿಗೆ ಇಟ್ಟರು. ಓಡುವ ಕುದುರೆಯೂ ಆ ವೇಗಕ್ಕೆ ಕಲ್ಲಿನ ಹಾಗೆ ನಿಲ್ಲುತ್ತದಂತೆ. ಅದೇ ಹೊತ್ತಿಗೆ ಕೂಸು ನನ್ನ ಬೋಳು ತುಟಿಯನ್ನು ಗಪ್ಪನೆ ಹಿಡಿದುಕೊಂಡಿತು. ನಲವತ್ತು ವರ್ಷದಲ್ಲಿ ಆ ತುಟಿಯನ್ನು ಯಾರೂ ಮುಟ್ಟಿರಲಿಲ್ಲ. ಕಚಗುಳಿಯಾಗಿ, ಹಲ್ಲಿಲ್ಲದ ಬಾಯಿ ತೆರೆದು ಬಿದ್ದು ಬಿದ್ದು ನಕ್ಕೆ. ಭಕ್! ಕೋಣೆಯೆಲ್ಲ ಬೆಳ್ಳಗಾಯಿತು. ಕಾಶಿಬಾಯಿಗೆ ಸಂಜೆಯವರೆಗೆ ಹಸಿರು ಚಂದ್ರ ಕಾಣುತ್ತಿದ್ದು, ಬೇಳೆಗೆ ಎರಡು ಸಲ ಉಪ್ಪು ಹಾಕಿದಳು.

ಎಂಟು ದಿನದ ಮೇಲೆ ಮಹಬೂಬ ಸಾಬರು ಮುಖ ಸಣ್ಣದು ಮಾಡಿಕೊಂಡು ಬಂದರು. ಫೋಟೊದ ಎಡ ಅರ್ಧದಲ್ಲಿ ನಾನಿದ್ದೆ. ವಸಡು ಎಣಿಸುವಷ್ಟು ಸ್ವಚ್ಛವಾಗಿ, ನಗುತ್ತ. ಬಲ ಅರ್ಧ ಡಾಂಬರು ಬಳಿದ ಹಾಗೆ ಕಪ್ಪು. ಆ ಕಪ್ಪಿನೊಳಗೆ ನನ್ನ ಮೊಮ್ಮಗಳು ಕೂತಿದ್ದಳು. ತುಟಿ ಹಿಡಿದ ಪುಟ್ಟ ಮುಷ್ಟಿಯಾದರೂ ಕಾಣಬೇಕಲ್ಲ? ಅಷ್ಟರೊಳಗೆ ಕೈ ಜಾರಿಸಿಕೊಂಡಿದ್ದಳು. ಒಂದು ಹಿಮ್ಮಡಿಯ ಅಂಚು ಬಿಟ್ಟರೆ ಗುರುತೇ ಇಲ್ಲ. "ಕೂಸಿನ ಮಾರಿ ಕೇಳಿದರ ನಿಮ್ಮ ವಸಡು ಕೊಟ್ಟಾರಲ್ರಿ," ಎಂದಳು ಕಾಶಿಬಾಯಿ.

ಮಹಬೂಬ ಸಾಬರು ಕ್ಯಾಮೆರಾದ ಬೆನ್ನು ತೆಗೆದು ತೋರಿಸಿದರು. ಒಳಗೆ ಚಿಕ್ಕ ಕಿಟಕಿ. ಕಿಟಕಿಗೆ ಕಪ್ಪು ಪರದೆ. ಬಟ್ಟೆ ಎಂದ ಮೇಲೆ ನಾನು ಬಿಡುವವನಲ್ಲ. ಮುಟ್ಟಬೇಡಿ ಎಂದರೂ ಉಗುರಿನ ತುದಿಯಿಂದ ಮುಟ್ಟಿ ನೋಡಿದೆ: ರೇಷ್ಮೆ, ಮೇಲೆ ರಬ್ಬರಿನ ಲೇಪ, ನನ್ನ ಯಂತ್ರಕ್ಕೆ ಸಿಗದಷ್ಟು ತೆಳು. ಪರದೆ ಒಂದಲ್ಲ, ಎರಡು. ಗುಂಡಿ ಒತ್ತಿದರೆ ಮೊದಲನೆಯದು ಸರಿದು ಕಿಟಕಿ ತೆರೆಯುತ್ತದೆ, ಎರಡನೆಯದು ಹಿಂದೆಯೇ ಓಡಿ ಬಂದು ಮುಚ್ಚುತ್ತದೆ. ಮಹಬೂಬ ಸಾಬರು ಎರಡು ಕರವಸ್ತ್ರ ಹಿಡಿದು ವಿವರಿಸಲು ಒದ್ದಾಡುತ್ತಿದ್ದರು. ನನಗೆ ಥಟ್ಟನೆ ಹೊಳೆಯಿತು: "ಸಾಬರ, ಇದು ಅಂತರಪಟ ಅಲ್ರಿ!"

ಲಗ್ನದಲ್ಲಿ ಗಂಡುಹೆಣ್ಣಿನ ನಡುವೆ ಹಿಡಿಯುವ ಬಟ್ಟೆ ಅಂತರಪಟ. ನಮ್ಮ ಭಾಗದಲ್ಲಿ ಭಟ್ಟರು ಮಂಗಲಾಷ್ಟಕ ಹಾಡಿ 'ಸಾವಧಾನ' ಎಂದಾಗಲೆಲ್ಲ ಮಂದಿ ಅಕ್ಕಿಕಾಳು ಎಸೆಯುತ್ತಾರೆ. ಕೊನೆಯ ಸಾವಧಾನಕ್ಕೆ ಬಟ್ಟೆ ಸರಿಯುತ್ತದೆ, ಗಂಡುಹೆಣ್ಣು ಪರಸ್ಪರ ಮುಖ ನೋಡುತ್ತಾರೆ. ಬಟ್ಟೆ ದರ್ಜಿಯ ಅಂಗಡಿಯದೇ ಆದ್ದರಿಂದ ಅದರ ಒಂದು ತುದಿ ಹಿಡಿಯುವ ಮಾನವೂ ಎಷ್ಟೋ ಸಲ ನನ್ನದೇ. ಖಟಕ ಚಿಂಚೋಳಿಯ ಒಂದು ಲಗ್ನದಲ್ಲಿ ಇನ್ನೊಂದು ತುದಿ ಹಿಡಿದವನು ಹೆಣ್ಣಿನ ಸೋದರಮಾವ, ಕಿವಿ ಮಂದ. ಕೊನೆಯ ಸಾವಧಾನಕ್ಕೆ ನಾನು ಬಿಟ್ಟೆ, ಅವನು ಬಿಡಲಿಲ್ಲ. ಗಂಡಿಗೆ ಕಂಡದ್ದು ಒಂದು ಕಣ್ಣು, ಅರ್ಧ ಮೂಗುತಿ. ಇವತ್ತಿಗೂ ಆ ಮಹಾನುಭಾವ ಹೆಂಡತಿಯನ್ನು ಓರೆಯಾಗಿಯೇ ನೋಡುತ್ತಾನೆ.

ಆದ್ದರಿಂದ ಕ್ಯಾಮೆರಾದ ವಿದ್ಯೆ ನನಗೆ ತಿಳಿದದ್ದು ಹೀಗೆ. ಸಾವಕಾಶ ಇಟ್ಟರೆ ಮೊದಲ ಅಂತರಪಟ ಪೂರಾ ಸರಿದು, ಹೆಣ್ಣಿನ ಮುಖ ಪೂರಾ ಕಂಡು, ಆಮೇಲೆ ಎರಡನೆಯದು ಹೊರಡುತ್ತದೆ. ಆ ನಡುವೆ ಅಕ್ಕಿಕಾಳು ಎಸೆದರೆ, ಅಂದರೆ ಬಲ್ಬು ಹೊತ್ತಿದರೆ, ಬೆಳಕು ಎಲ್ಲ ಕಡೆ ಬೀಳುತ್ತದೆ. ಜೋರು ಇಟ್ಟರೆ ಮೊದಲನೆಯದು ಇನ್ನೂ ದಾರಿಯಲ್ಲಿರುವಾಗಲೇ ಎರಡನೆಯದು ಅದರ ಬೆನ್ನು ಹತ್ತುತ್ತದೆ; ಎರಡರ ನಡುವೆ ಒಂದು ಸೀಳು ಮಾತ್ರ ಓಡುತ್ತದೆ. ಮುಖ ಒಟ್ಟಿಗೆ ಎಂದೂ ಕಾಣುವುದಿಲ್ಲ. ಮೊದಲು ಕಿವಿ, ಆಮೇಲೆ ಕೆನ್ನೆ, ಆಮೇಲೆ ಮೂಗು. ಬಿಸಿಲಿನಲ್ಲಿ ಅದರಿಂದ ಹಾನಿಯಿಲ್ಲ, ಸೂರ್ಯ ಎಲ್ಲಿಗೂ ಹೋಗುವುದಿಲ್ಲ, ಪ್ರತಿ ಸೀಳಿಗೂ ಅದರ ಪಾಲಿನ ಬೆಳಕು ಸಿಗುತ್ತದೆ. ಆದರೆ ಬಲ್ಬಿನ ಬೆಳಕು ಕಣ್ಣು ಮಿಟುಕಿಸುವುದರಲ್ಲಿ ಬಂದು ಹೋಗುವ ಅತಿಥಿ. ಅದು ಬಂದಾಗ ಯಾವ ಭಾಗದ ಬಾಗಿಲು ತೆರೆದಿತ್ತೋ ಅಲ್ಲಿಗೆ ಮಾತ್ರ ಪ್ರಸಾದ. ಬಾಗಿಲು ತೆರೆದದ್ದು ನನ್ನ ಕಡೆ. "ಹಂಗಾದರ ಪರದಾ ಯಾವ ಕಡಿಂದ ಓಡ್ತದ್ರಿ ಸಾಬರ? ಉರ್ದುದಂಗ ಬಲಕಿಂದೋ, ಕನ್ನಡದಂಗ ಎಡಕಿಂದೋ?" ಎಂದು ಕೇಳಿದೆ. ಅವರು ಕ್ಯಾಮೆರಾ ಹಿಂದುಮುಂದು ಮಾಡಿ ಬಹಳ ಹೊತ್ತು ನೋಡಿ ಹೇಳಿದರು: "ಹಿಂದಿಂದ ನೋಡಿದರ ಉರ್ದು, ಮುಂದಿಂದ ನೋಡಿದರ ಕನ್ನಡ ಅದರಿ." ನಮ್ಮ ಹೈದರಾಬಾದ ಸಂಸ್ಥಾನದ ಹಣೆಬರಹವೂ ಹೆಚ್ಚುಕಡಿಮೆ ಅದೇ ಎಂದುಕೊಂಡೆ.

ಎರಡನೆಯ ಬಲ್ಬು ತೊಟ್ಟಿಲಿಗೆ ಹಾಕುವ ದಿನ. ಹೆಸರು ಬಾಕಿ ಇದ್ದರೂ ತೊಟ್ಟಿಲು ನಿಲ್ಲುವುದಿಲ್ಲ. ಕೋಣೆಯ ತುಂಬ ಮುತ್ತೈದೆಯರು, ನಡುವೆ ಆರತಿಯ ತಟ್ಟೆ, ತಟ್ಟೆಯಲ್ಲಿ ಕುಂಕುಮ ಹಚ್ಚಿದ ಅಕ್ಕಿ. ಈ ಸಲ ಮಹಬೂಬ ಸಾಬರು ಸೆಕೆಂಡಿನ ಇಪ್ಪತ್ತೈದನೆಯ ಪಾಲಿಗೆ ಇಟ್ಟರು. ಅಷ್ಟು ಸಾವಕಾಶದಲ್ಲಿ ಯಾರೂ ಅಲುಗಾಡಬಾರದು. ಹಾಗೆಂದು ಎಚ್ಚರಿಸಲು ಬೇರೆ ದಿನವಾದರೆ 'ಖಬರದಾರ್' ಎನ್ನುತ್ತಿದ್ದರು. ಅವತ್ತು ನನ್ನ ಅಂತರಪಟದ ಪಾಠ ತಲೆಯಲ್ಲಿ ಗುಂಯ್ಗುಡುತ್ತಿತ್ತೋ ಏನೋ, ಕ್ಯಾಮೆರಾ ಕಣ್ಣಿಗೆ ಹಚ್ಚಿ, ಗಂಟಲು ಸರಿಮಾಡಿಕೊಂಡು, ಭಟ್ಟರಿಗಿಂತ ಗಟ್ಟಿಯಾಗಿ ಕೂಗಿದರು: "ಸಾವಧಾನ!"

ಹನ್ನೆರಡು ಮುತ್ತೈದೆಯರ ಹನ್ನೆರಡು ಕೈ ತಟ್ಟೆಗೆ ಹೋದವು. ಅವರ ತಪ್ಪಿಲ್ಲ. ಹುಟ್ಟಿದಾಗಿನಿಂದ ಆ ಶಬ್ದ ಕೇಳಿದ ಕೂಡಲೇ ಎಸೆದವರು. ಕೈಗೆ ಬುದ್ಧಿಯ ಅಪ್ಪಣೆ ಬೇಕಾಗುವುದಿಲ್ಲ. ಅಕ್ಕಿಯ ಮಳೆಯೂ ಬಲ್ಬಿನ ಮಿಂಚೂ ಒಂದೇ ಗಳಿಗೆಗೆ ಬಿದ್ದವು. ಹೊತ್ತು ಹೊಂದಿಸುವುದೆಂದರೆ ಹೀಗಿರಬೇಕು, ಆದರೆ ಹೊಂದಿಸಬೇಕಾದದ್ದು ಇದನ್ನಲ್ಲ. ಫೋಟೊದಲ್ಲಿ ಕೂಸಿನ ಮುಖದ ಮೇಲೆಲ್ಲ ಬಿಳಿ ಗೆರೆಗಳು, ಕಣ್ಣು ಗಟ್ಟಿಯಾಗಿ ಮುಚ್ಚಿ, ಬಾಯಿ ಚೌಕವಾಗಿತ್ತು. ಅದನ್ನು ಕೈಗೆ ಕೊಡುವಾಗ ಮಹಬೂಬ ಸಾಬರು ಹೇಳಿದರು: "ಮಾಫ್ ಮಾಡ್ರಿ ಮಾಣಿಕಪ್ಪ. ನಿಮ್ಮ ಮೊಮ್ಮಗಳ ಲಗ್ನಾ ನನ್ನ ಕ್ಯಾಮೆರಾದ ಕೂಡ ಆಗಿಬಿಟ್ಟದ."

ನಗು ಬಂದರೂ ಒಳಗೆ ಅಳುಕಿತ್ತು. ಬಲ್ಬು ಒಂದೇ ಉಳಿದಿತ್ತು. ಸಿಕಂದರಾಬಾದಿನಿಂದ ಮತ್ತೆ ಯಾವಾಗ ಬರುವುದೋ ಅವರಿಗೂ ಗೊತ್ತಿರಲಿಲ್ಲ. ಔರಾದಿನಿಂದ ಬಂದವರು ಅಕ್ಕ ಊಟ ಬಿಟ್ಟಿದ್ದಾಳೆ, ಬರೀ ಗಂಜಿ ಎಂದರು. ಅಕ್ಕ ಹೋದರೆ ಅಕ್ಕ ಮಾತ್ರ ಹೋಗುವುದಿಲ್ಲ, ಅವಳ ಕಣ್ಣಿನಲ್ಲಿರುವ ಅವ್ವನೂ ಹೋಗುತ್ತಾಳೆ. ನಾನು ಆ ವಾರ ಮೂರು ಅಂಗಿಗೆ ತೋಳು ತಿರುವುಮುರುವು ಹಚ್ಚಿದೆ.

ಮೂರನೆಯ ಬಲ್ಬಿಗೆ, ಅದನ್ನು ಕ್ಯಾಮೆರಾದ ಗುಂಡಿಗೆ ಜೋಡಿಸುವ ವೈರನ್ನೇ ನಂಬಲಿಲ್ಲ. ಬೆಳಕಿಂಡಿಗೆ ಗೋಣಿಚೀಲ ಮುಚ್ಚಿ ಕೋಣೆ ಮಬ್ಬು ಮಾಡಿದೆವು. ಕ್ಯಾಮೆರಾವನ್ನು ಅಲುಗಾಡದಂತೆ ನನ್ನ ಹೊಲಿಗೆ ಯಂತ್ರದ ಮೇಜಿನ ಮೇಲೆ ಇಟ್ಟೆವು. ಕಾಶಿಬಾಯಿಯ ಮಡಿಲಲ್ಲಿ ಕೂಸು. ಎಣ್ಣೆ ಹಚ್ಚಿ ಎರೆದಿದ್ದರಿಂದ ಮೈ ಸಡಿಲಾಗಿ ಸುಮ್ಮನಿತ್ತು. ಮಹಬೂಬ ಸಾಬರು ಪರದೆಯನ್ನು ತೆರೆದೇ ಹಿಡಿಯುವುದು. ಬಲ್ಬಿನ ಗುಂಡಿ ನಾನು ಒತ್ತುವುದು. ಆಮೇಲೆ ಅವರು ಮುಚ್ಚುವುದು. "ನಾಕು ದಶಕ ಅಂತರಪಟ ಹಿಡದೀರಿ, ಇದೂ ನಿಮ್ಮ ಕೆಲಸನ," ಎಂದರು. ಹೊಲಿಗೆ ಯಂತ್ರದಲ್ಲಿಯೂ ಸೂಜಿ ಕೆಳಗಿಳಿದ ಗಳಿಗೆಗೇ ಕೆಳಗಿನ ದಾರ ಬಂದು ಹಿಡಿಯಬೇಕು. ಕೂದಲೆಳೆ ಹಿಂದುಮುಂದಾದರೆ ಹೊಲಿಗೆ ಬಿಡುತ್ತದೆ. ಇಷ್ಟು ದಿನ ಅದನ್ನು ಯಂತ್ರ ತಾನೇ ನೋಡಿಕೊಳ್ಳುತ್ತಿತ್ತು. ಅವತ್ತು ನನ್ನ ಬೆರಳು ನೋಡಿಕೊಳ್ಳಬೇಕಿತ್ತು. ಪರದೆ ಸರಿದ ಸಣ್ಣ ಸದ್ದಾಯಿತು. ಯಾರೂ ಸಾವಧಾನ ಎನ್ನಲಿಲ್ಲ. ಕೂಸು ಕಣ್ಣರಳಿಸಿ, 'ಈ ಮುದುಕರಿಗೆ ಬೇರೆ ಕೆಲಸವಿಲ್ಲವೇ' ಎಂಬಂತೆ ನೇರ ನೋಡಿತು. ಮನಸ್ಸಿನಲ್ಲಿ ಸಾವಧಾನ ಎಂದುಕೊಂಡು ಒತ್ತಿದೆ.

ಅದೊಂದು ಫೋಟೊ ನೋಡಬೇಕು ನೀವು! ರೆಪ್ಪೆಗೂದಲು ಸಹ ಬಂದಿತ್ತು. ಮೂರೂ ಫೋಟೊಗಳನ್ನು ಒಂದೇ ಲಕೋಟೆಯಲ್ಲಿ ಹಾಕಿಕೊಂಡು ಔರಾದಿನ ಮೋಟಾರು ಹತ್ತಿದೆ. ಇಷ್ಟೆಲ್ಲ ಆಗುವಷ್ಟರಲ್ಲಿ ಎರಡು ತಿಂಗಳು ಕಳೆದು, ಮೀಸೆ ಮತ್ತೆ ಬೆಳೆದು ತುಟಿ ಮುಚ್ಚಿತ್ತು.

ಅಕ್ಕನ ಮುಂದೆ ಈಗಲೂ ನಾನು ಬಾಯಿ ಮುಚ್ಚಿಯೇ ಕೂಡುವವನು. ಬೆಳೆಸಿದವಳು, ಹೆದರಿಕೆ ಹೋಗುವುದಿಲ್ಲ. ಅವಳು ಮೂರನೆಯ ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಏ ಮಾಣ್ಯಾ."

"ಏನಕ್ಕಾ?"

"ಇದು ನಿನ್ನ ಅತ್ತಿ ಮಾರಿ ಅಲ್ಲೇನೊ? ಅದೇ ಹಣಿ, ಅದೇ ಗುಂಡ ಮೂಗು. ರುಕ್ಮಾಬಾಯಿ ಖುದ್ದು ಬಂದು ಕುಂತಂಗ ಅದಲ್ಲೊ!"

ಕೂಸು ಚಂದವೇ ಇದೆ, ರುಕ್ಮಾಬಾಯಿಯೂ ಒಳ್ಳೆಯವಳೇ. ಆದರೆ ಈ ಅರವತ್ತು ವರ್ಷದಲ್ಲಿ ಒಮ್ಮೆಯಾದರೂ 'ಓಹೋ, ನನ್ನ ಅವ್ವ ಹೀಗಿದ್ದಳು' ಎಂದು ನೋಡುವ ಆಸೆ ನನಗಿತ್ತೆಂಬುದು ಆ ಗಳಿಗೆಯಲ್ಲೇ ನನಗೆ ತಿಳಿದದ್ದು. ಫೋಟೊ ವಾಪಸು ಹಾಕಲು ಲಕೋಟೆ ತೆಗೆದೆ. ಅರ್ಧ ಕಪ್ಪಿನ ಫೋಟೊ ಅಕ್ಕನ ಮಡಿಲಿಗೆ ಜಾರಿತು. ಅವಳು ಎತ್ತಿಕೊಂಡಳು. ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದಳು. ಆಮೇಲೆ ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು: "ಅವ್ವಂದು ಫೋಟೊ ಯಾವಾಗ ತಗಸಿದ್ರೊ?"

"ಅಕ್ಕಾ, ಅದು ನಾನು."

"ಸುಮ್ಮನಿರು. ನನಗ ಗೊತ್ತಿಲ್ಲೇನು? ನಕ್ಕರ ಮ್ಯಾಲಿನ ತುಟಿ ಹಿಂಗ ಒಂದ ಕಡಿ ಏರೂದು ಅವ್ವಂದ."

ಹತ್ತಿರ ಬಾ ಎಂದಳು. ಹೆಬ್ಬೆರಳಿನಿಂದ ನನ್ನ ಮೀಸೆಯನ್ನು ಮೇಲಕ್ಕೆ ಒತ್ತಿ ಹಿಡಿದಳು. "ನಗು," ಎಂದಳು. ಅಳು ಬರುವಾಗ ನಗುವುದು ಹೇಗೆ? "ನಗಲೋ ಅಂದರ!" ಎಂದು ಗದರಿಸಿದಳು. ನಕ್ಕೆ. ಅಕ್ಕ ನೋಡಿದಳು, ತಾನೂ ನಕ್ಕಳು, ಆಮೇಲೆ ನನ್ನ ಕೆನ್ನೆಗೆ ಮೆಲ್ಲನೆ ಒಂದು ಬಾರಿಸಿದಳು: "ಇಷ್ಟ ವರ್ಷ ಅವ್ವನ್ನ ಮೀಸಿ ಕೆಳಗ ಮುಚ್ಚಿ ಇಟ್ಟಿದ್ದೆಲ್ಲೊ ಕಳ್ಳಾ!"

ತೀರ್ಪು ಅಲ್ಲೇ ಆಯಿತು. ಮಾರಿ ಮನಿಗೆ ಬಂದಾಗಿದೆ, ಹೆಸರು ಇಡಬಹುದು. ಮಾರಿ ಒಂದು ಹೊತ್ತಿಗೆ, ಹೆಸರು ಒಂದು ಹೊತ್ತಿಗೆ ಬಂದದ್ದು ದೇವರ ಗಡಿಬಿಡಿ ಎಂದಳು. ಬೆಳಕೂ ಪರದೆಯೂ ಅರವತ್ತು ವರ್ಷ ಹಿಂದುಮುಂದಾದರೂ ಚಿತ್ರ ಬರುವುದುಂಟು; ಇದನ್ನು ಮಹಬೂಬ ಸಾಬರಿಗೆ ಯಾರೂ ಕಲಿಸಿರಲಿಲ್ಲ. ಅವತ್ತು ಸಂಜೆ ಅಕ್ಕ ಎರಡು ರೊಟ್ಟಿ ಪುಂಡಿಪಲ್ಲೆಯ ಜೊತೆ ಉಂಡಳು. ಮನೆಗೆ ಬಂದು ಹೇಳಿದರೆ ಕಾಶಿಬಾಯಿ ಎಂದಳು: "ಹೆಸರ ನಿಮ್ಮ ಅವ್ವಂದು, ಮಾರಿ ನಮ್ಮ ಅವ್ವಂದು. ಕೂಸಿಗೆ ಸ್ವಂತದ್ದು ಏನರೆ ಬಿಡ್ತೀರೋ ಇಲ್ಲೋ?" ಬಿಟ್ಟಿದ್ದೇವೆ. ಕಿರುಚುವ ದನಿ ಸಂಪೂರ್ಣ ಅವಳದೇ.

ಕೆಟ್ಟ ಫೋಟೊದ ಕಪ್ಪು ಅರ್ಧ ಕತ್ತರಿಸಿ, ನನ್ನಷ್ಟನ್ನೇ ದೊಡ್ಡದು ಮಾಡಿಕೊಡುತ್ತೇನೆಂದರು ಮಹಬೂಬ ಸಾಬರು. ಕತ್ತರಿ ಎಂದರೆ ನನ್ನ ಹೊಟ್ಟೆಪಾಡು, ಆದರೂ ಬೇಡವೆಂದೆ. ಆ ಕಪ್ಪಿನಲ್ಲಿ ಕೂತು ನನ್ನನ್ನು ನಗಿಸಿದವಳು ತುಳಜಾ. ಚೌಕಟ್ಟು ಹಾಕಿಸಿ ಅಂಗಡಿಯ ಕನ್ನಡಿಯ ಪಕ್ಕ ತೂಗುಹಾಕಿದ್ದೇನೆ. ಉರಿದ ಬಲ್ಬುಗಳನ್ನೂ ಎಸೆದಿಲ್ಲ. ಕಾಲುಚೀಲದ ತೂತು ಹೊಲಿಯುವಾಗ ಒಳಗಿಟ್ಟುಕೊಳ್ಳಲು ಅಷ್ಟು ಒಳ್ಳೆಯ ವಸ್ತು ಬೇರೆ ಇಲ್ಲ.

ಮೀಸೆಯನ್ನು ಮತ್ತೆ ತೆಗೆಸಿದ್ದೇನೆ, ಇನ್ನು ಬಿಡುವುದಿಲ್ಲ. ಹೊಸಬರು ದನಿ ಇಳಿಸಿ "ಯಾರು ಹೋದರ್ರಿ?" ಎನ್ನುತ್ತಾರೆ. "ಯಾರೂ ಹೋಗಿಲ್ಲರಿ, ಬಂದಾಳ," ಎನ್ನುತ್ತೇನೆ. ಮೊಮ್ಮಗಳ ಮಾತು ಎಂದುಕೊಳ್ಳುತ್ತಾರೆ. ಅವರಿಗೆ ಟೇಪು ಸುತ್ತುವಾಗ ಎದುರಿನ ಆಳೆತ್ತರದ ಕನ್ನಡಿಯ ಮೇಲೆ ಕಣ್ಣು ಬೀಳುತ್ತದೆ. ಸುಮ್ಮನೆ ಒಮ್ಮೆ ನಕ್ಕು ನೋಡುತ್ತೇನೆ, ಆಕೆಯೂ ನಗುತ್ತಾಳೆ. ನಲವತ್ತು ವರ್ಷ ಆ ಕನ್ನಡಿಯಲ್ಲಿ ಮಂದಿಯ ಕಾಲರು ಮಾತ್ರ ನೋಡಿದ ಮೂರ್ಖ ನಾನು ಎಂದು ಅವ್ವನ ಮುಂದೆ ಒಪ್ಪಿಕೊಳ್ಳುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕನ್ನಡಿಯ ಮೂಲೆಯಲ್ಲಿ ಗಿರಾಕಿ ಇನ್ನೂ ಕೈ ಅಗಲಿಸಿಕೊಂಡೇ ನಿಂತಿರುತ್ತಾನೆ.